ಅರ್ಧಕ್ಕೆ ನಿಂತ ಕ್ಷೌರ

ಆ ಕ್ಷೌರದಂಗಡಿಯಲ್ಲಿ ಎರಡು ಕುರ್ಚಿಗಳಿದ್ದವು. ಬಾಗಿಲ ಹತ್ತಿರದ್ದು ಅಣ್ಣನದು, ಒಳಗಿನದು ತಮ್ಮನದು. ಅವಸರದಲ್ಲಿದ್ದವರು, ತಲೆನೋವಿನವರು, ಮನೆಯಲ್ಲಿ ಬೈಸಿಕೊಂಡು ಬಂದವರು, ಎಲ್ಲರೂ ಅಣ್ಣನ ಕುರ್ಚಿ ಖಾಲಿಯಾಗಲೆಂದು ಬೆಂಚಿನ ಮೇಲೆ ಕಾಯುತ್ತಿದ್ದರು; ತಮ್ಮನ ಕುರ್ಚಿ ಬರಿದಾಗಿದ್ದರೂ ಅದರ ಕಡೆ ನೋಡುತ್ತಿರಲಿಲ್ಲ. ತಮ್ಮನ ಕೈಯಲ್ಲಿ ದೋಷವಿರಲಿಲ್ಲ, ಬೆಣ್ಣೆಯಂಥ ಕೈ. ದೋಷ ಬಾಯಿಯದು. ಗಿರಾಕಿಯ ಕೊರಳಿಗೆ ಬಟ್ಟೆ ಕಟ್ಟಿ, ಕೆನ್ನೆಗೆ ನೊರೆ ಹಚ್ಚಿ, ಕತ್ತಿಯನ್ನು ಗದ್ದದ ಕೆಳಗೆ ತಂದಿಟ್ಟು ಆಮೇಲೆ ಕೇಳುತ್ತಿದ್ದ:

“ಸಾರ್, ಇವತ್ತೇ ಜೀವ ಹೋದ್ರೆ ಎಲ್ಲಿಗೆ ಹೋಗ್ತೀರಿ ಅಂತ ಯೋಚನೆ ಮಾಡಿದೀರಾ?”

ಕತ್ತಿ ಕೊರಳ ಮೇಲಿರುವಾಗ ಈ ಪ್ರಶ್ನೆಗೆ ಯಾವ ಧೀರ ಉತ್ತರ ಕೊಟ್ಟಾನು? ಗಿರಾಕಿ ಉಗುಳು ನುಂಗುವುದಕ್ಕೂ ಹೆದರಿ ಕೂತಿರುತ್ತಿದ್ದ. ತಮ್ಮನು ಆ ಮೌನವನ್ನು ಆತ್ಮದ ಹಸಿವೆಂದು ತಿಳಿದು ಪಾಪದಿಂದ ಹಿಡಿದು ರಕ್ಷಣೆಯವರೆಗೆ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದ. ಬೀದಿಯವರು ಅವನಿಗೆ ‘ಪ್ರಸಂಗಿ’ ಎಂದು ಹೆಸರಿಟ್ಟಿದ್ದರು. ಅವನಿಗೆ ಅದರಿಂದ ಬೇಸರವಿರಲಿಲ್ಲ, ಒಳಗೊಳಗೇ ಹೆಮ್ಮೆಯೇ ಇತ್ತು ಅನ್ನಿ.

ಒಂದು ಮಾತು ಮಾತ್ರ ಯಾರ ಗಮನಕ್ಕೂ ಬಂದಿರಲಿಲ್ಲ, ಅಣ್ಣನೊಬ್ಬನನ್ನು ಬಿಟ್ಟು. ಪ್ರಸಂಗಿ ಯಾರ ಮುಖವನ್ನೂ ನೇರ ನೋಡಿ ಸುವಾರ್ತೆ ಹೇಳಿದವನಲ್ಲ. ಕುರ್ಚಿಯ ಹಿಂದೆ ನಿಂತು, ಕನ್ನಡಿಯಲ್ಲಿ ಕಾಣುವ ಮುಖಕ್ಕೆ ಹೇಳುತ್ತಿದ್ದ. ಅಂಗಡಿಯ ಹೊರಗೆ ಅದೇ ಗಿರಾಕಿ ಎದುರಾದರೆ ಹವೆಯ ವಿಚಾರ ಮಾತಾಡಿ ಜಾರಿಕೊಳ್ಳುತ್ತಿದ್ದ.

“ಲೋ, ಒಂದೇ ಒಂದು ಸಲ ಕತ್ತಿ ಕೆಳಗಿಟ್ಟು, ಎದುರಿಗೆ ಕೂತು ಹೇಳೋ ನೋಡೋಣ. ಕೈ ಕಾಲು ಕಟ್ಟಿಹಾಕಿ ಸ್ವರ್ಗ ತೋರಿಸ್ತೀನಿ ಅಂದ್ರೆ ಯಾರಪ್ಪಾ ನೋಡ್ತಾರೆ?” ಎಂದು ಅಣ್ಣ ನಗುತ್ತಿದ್ದ.

ಆಗಿನ ದಿನಗಳಲ್ಲಿ ಇಂಥ ತಮಾಷೆಗಳು ನಡೆಯುತ್ತಿದ್ದವು. ಒಮ್ಮೆ ಟೈರ್ ಅಂಗಡಿಯವನೊಬ್ಬ, ಬಲಗೆನ್ನೆ ಮುಗಿದು ಎಡಗೆನ್ನೆಯಲ್ಲಿ ನೊರೆ ಇರುವಾಗಲೇ, “ಸಾಕಪ್ಪಾ ಮಾರಾಯ, ನನ್ನ ಪಾಪ ನನಗೇ ಇರಲಿ” ಎಂದು ಕೊರಳಿನ ಬಟ್ಟೆ ಸಮೇತ ಬೀದಿಗೆ ಓಡಿದ್ದ. ಪ್ರಸಂಗಿ ಕತ್ತಿ ಹಿಡಿದುಕೊಂಡೇ ಬಾಗಿಲವರೆಗೆ ಓಡಿದ. ಅಣ್ಣ ಮಾತ್ರ ತನ್ನ ಗಿರಾಕಿಯ ತಲೆಯಿಂದ ಕಣ್ಣು ಕೂಡ ಎತ್ತದೆ, “ಕೂತ್ಕೋ. ಅರ್ಧ ಮುಖದವನು ಎಲ್ಲಿಗೆ ಹೋಗ್ತಾನೆ? ಬಂದೇ ಬರ್ತಾನೆ” ಅಂದ. ಐದು ನಿಮಿಷಕ್ಕೆ ಟೈರಿನವನು ಒಂದು ಕೈಯಲ್ಲಿ ಕೆನ್ನೆ ಮುಚ್ಚಿಕೊಂಡು ಬಂದು ಅಣ್ಣನ ಕುರ್ಚಿಯಲ್ಲಿ ಕೂತ. ಅಂದಿನಿಂದ ‘ಅರ್ಧ ಮುಖದವನು ಎಲ್ಲಿಗೆ ಹೋಗ್ತಾನೆ’ ಎನ್ನುವುದು ಅವರಿಬ್ಬರ ಮನೆಮಾತಾಯಿತು. ಮಳೆಯಲ್ಲಿ ಕೊಡೆ ಮರೆತು ಹೋದವನಿಗೂ ಅದೇ ಮಾತು, ಮುನಿಸಿಕೊಂಡು ತವರಿಗೆ ಹೋದ ಹೆಂಡತಿಗೂ ಅದೇ ಮಾತು.

ಆಮೇಲೆ ಅಣ್ಣನ ಮಗಳು ಸತ್ತಳು. ಏಳು ವರ್ಷದ ಮಗು. ಮೂರೇ ದಿನದ ಜ್ವರ.

ಮಗುವಿನ ಪೆಟ್ಟಿಗೆಯನ್ನು ಮನೆಯ ಮುಂದಿನ ಕೋಣೆಯಲ್ಲಿ ಇಟ್ಟಿದ್ದರು. ಬೀದಿಯವರೆಲ್ಲ ಬಂದರು. ಚರ್ಚಿನ ಸಭೆಗೆ ಎಂದೂ ಕಾಲಿಡದವರೂ ಬಂದರು. ಪ್ರಸಂಗಿ ಬಾಗಿಲಲ್ಲಿ ನಿಂತು, ಒಳಗೆ ಬಂದವರ ಕೈಗೆಲ್ಲ ಒಂದೊಂದು ಕರಪತ್ರ ಕೊಟ್ಟ. ‘ಮರಣದ ನಂತರ ನೀವು ಎಲ್ಲಿ?’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದ ಹಳದಿ ಕಾಗದ. ಜನ ಅದನ್ನು ಹಿಡಿದುಕೊಂಡೇ ಮಗುವಿನ ಮುಖ ನೋಡಿದರು. ಒಬ್ಬಳು ಸೆಕೆಗೆ ಅದರಿಂದಲೇ ಗಾಳಿ ಬೀಸಿಕೊಂಡಳು.

ಅಣ್ಣ ತಲೆ ಎತ್ತಿ ನೋಡಿದ. ಕೋಣೆ ತುಂಬ ಹಳದಿ ಕಾಗದ. ಎದ್ದು ಬಂದು ತಮ್ಮನ ಎದೆಯಂಗಿ ಹಿಡಿದ.

“ನನ್ನ ಮಗಳ ಸಾವು ನಿನಗೆ ಸಂತೆ ಆಯ್ತೇನೋ?”

ಅಷ್ಟೇ. ಕೂಗಲೂ ಇಲ್ಲ. “ಇನ್ನು ಮುಂದೆ ನನ್ನ ಹತ್ತಿರ ದೇವರ ವಿಷಯ ಎತ್ತಬೇಡ. ಎತ್ತಿದ ದಿನ ನಾನು ನಿನಗೆ ಅಣ್ಣ ಅಲ್ಲ” ಎಂದು ಅಂಗಿ ಬಿಟ್ಟ.

ಆಮೇಲಿನ ಹನ್ನೆರಡು ವರ್ಷ ಇಬ್ಬರೂ ಅದೇ ಅಂಗಡಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೆಲಸ ಮಾಡಿದರು. ಬ್ಲೇಡು ತೀರಿತು, ನಲ್ಲಿ ಸೋರುತ್ತಿದೆ, ಈ ಬಾಚಣಿಗೆ ಹಲ್ಲು ಮುರಿದಿದೆ, ಊಟಕ್ಕೆ ನಡಿ, ಇಂಥವೆಲ್ಲ ಮಾತಾಡಿದರು. ಅಣ್ಣ ಸಭೆಯ ಹೊಸ್ತಿಲು ತುಳಿಯಲಿಲ್ಲ. ಭಾನುವಾರ ಬೆಳಿಗ್ಗೆ ಅಂಗಡಿ ತೆಗೆದು ಒಬ್ಬನೇ ಕತ್ತರಿಗೆ ಎಣ್ಣೆ ಹಾಕುತ್ತ ಕೂರುತ್ತಿದ್ದ. ಪ್ರಸಂಗಿ ಗಿರಾಕಿಗಳಿಗೆ ಹೇಳುವುದನ್ನು ನಿಲ್ಲಿಸಲಿಲ್ಲ, ದನಿ ಮಾತ್ರ ತಗ್ಗಿಸಿದ. ಊರಿಗೆಲ್ಲ ಬೆಳಕು ಹಂಚುವವನ ದೀಪದ ಬುಡದಲ್ಲೇ ಕತ್ತಲೆ ಇತ್ತು. ಅದನ್ನು ಅವನು ದಿನಕ್ಕೆ ಹತ್ತು ಸಲ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಮೂವತ್ತು ವರ್ಷದಲ್ಲಿ ಅವನ ಮಾತು ಕೇಳಿ ಸಭೆಗೆ ಬಂದವರು ಇಬ್ಬರು, ಅದರಲ್ಲೊಬ್ಬ ಬಂದದ್ದು ಅಲ್ಲಿ ಹಾಡುವ ಹುಡುಗಿಯನ್ನು ನೋಡಲಿಕ್ಕೆ. ಹೊರಗಟ್ಟಿದ್ದು ಒಬ್ಬನನ್ನು. ಅದೂ ಒಡಹುಟ್ಟಿದವನನ್ನು.

ಈಗ ಅಣ್ಣನ ಗಂಟಲಲ್ಲಿ ಗಡ್ಡೆ. ಕೊರಳಿಗೆ ರಂಧ್ರ ಮಾಡಿ ಉಸಿರಿಗೆ ಕೊಳವೆ ಇಟ್ಟಿದ್ದರು. ಮಾತು ಹೋಗಿತ್ತು. ಡಾಕ್ಟರು ಅತ್ತಿಗೆಯನ್ನೂ ಪ್ರಸಂಗಿಯನ್ನೂ ಹೊರಗೆ ಕರೆದು, ಒಂದು ವಾರ, ಹೆಚ್ಚೆಂದರೆ ಹತ್ತು ದಿನ, ಅಂದರು.

ಪ್ರಸಂಗಿ ಹೆದರಿದ. ಸಾವಿಗೆ ಹೆದರಿದ್ದಲ್ಲ. ಸಾವನ್ನು ಅವನು ದಿನವೂ ಗಿರಾಕಿಗಳಿಗೆ ಬಡಿಸುತ್ತಿದ್ದವನು. ಅಣ್ಣ ಹೀಗೇ ಮುಖ ತಿರುಗಿಸಿಕೊಂಡು ಹೋಗಿಬಿಟ್ಟರೆ? ತಾನು ನಂಬಿದ್ದೆಲ್ಲ ನಿಜವಾದರೆ, ಆ ಮಗು ಸ್ವರ್ಗದಲ್ಲಿ ಅಪ್ಪನಿಗಾಗಿ ಬಾಗಿಲಲ್ಲಿ ಕಾದು ಕಾದು ಕೊನೆಗೆ “ಚಿಕ್ಕಪ್ಪಾ, ನಮ್ಮಪ್ಪ ಎಲ್ಲಿ?” ಎಂದು ಕೇಳಿದರೆ? ಈ ಯೋಚನೆ ಬಂದಾಗ ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂತುಬಿಟ್ಟ. ಅತ್ತಿಗೆ ನೀರು ತಂದುಕೊಟ್ಟಳು.

ಗಂಡಸರ ವಾರ್ಡಿನಲ್ಲಿ ಮನೆಯವರು ಉಳಿಯುವ ಹಾಗಿರಲಿಲ್ಲ. ಬೆಳಿಗ್ಗೆ ಎರಡು ಗಂಟೆ ಅತ್ತಿಗೆ, ಸಂಜೆ ನಾಲ್ಕರಿಂದ ಆರು ಪ್ರಸಂಗಿ. ಅವನು ಮೊದಲ ದಿನವೇ ಕತ್ತಿ, ಬ್ರಶ್ಶು, ಬಟ್ಟಲು ಚೀಲಕ್ಕೆ ಹಾಕಿಕೊಂಡು ಹೋದ. ಕ್ಷೌರದವನ ಕೈ ಖಾಲಿ ಇದ್ದರೆ ಬಾಯಿಯೂ ಖಾಲಿ. ಕೊಳವೆಯ ಸುತ್ತ ನೊರೆ ತಾಕದಂತೆ ಅಣ್ಣನ ಗಡ್ಡ ತೆಗೆದ. ಬಾಯಿ ತೆರೆಯಲು ನೋಡಿದ. ಎದುರಿಗೆ ಕನ್ನಡಿ ಇರಲಿಲ್ಲ, ಬರೀ ಸುಣ್ಣದ ಗೋಡೆ ಇತ್ತು. ಗೋಡೆಗೆ ಏನು ಹೇಳುವುದು? ಕ್ಷೌರ ಮುಗಿಸಿ, “ನಲ್ಲಿ ರಿಪೇರಿ ಮಾಡಿಸಿದೆ ಅಣ್ಣಾ” ಅಂದ. ಮನೆಗೆ ಬಂದು ತಲೆ ತಲೆ ಚಚ್ಚಿಕೊಂಡ.

ಎರಡನೆಯ ದಿನವೂ ಅಷ್ಟೇ. ಬಟ್ಟಲಿನ ನೀರು ತಣ್ಣಗಾಗುವವರೆಗೆ ಬ್ಲೇಡಿನ, ಬಾಚಣಿಗೆಯ ಮಾತೇ ಆಡಿದ. ಪಾದ್ರಿಗಳನ್ನು ಕಳಿಸೋಣವೆಂದರೆ ಅತ್ತಿಗೆ ಕೈ ಮುಗಿದಳು. “ಬೇಡಪ್ಪಾ, ಅವರು ಬಂದ್ರೆ ಇವರು ಗೋಡೆ ಕಡೆ ತಿರುಗ್ತಾರೆ. ಹೇಳಬೇಕು ಅಂದ್ರೆ ನೀವೇ ಹೇಳಬೇಕು. ಮುರಿದದ್ದು ನೀವು ತಾನೇ?” ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಒಳ್ಳೆಯದಿತ್ತು.

ಐದನೆಯ ದಿನ ಪ್ರಸಂಗಿ ಅಂಗಡಿಯ ಕೈಗನ್ನಡಿಯನ್ನೂ ಚೀಲಕ್ಕೆ ಹಾಕಿಕೊಂಡ. ಕ್ಷೌರ ಮುಗಿದ ಮೇಲೆ ಗಿರಾಕಿಗೆ ಹಿಂದಲೆ ತೋರಿಸುವ ಕನ್ನಡಿ ಅದು. ಅದನ್ನು ಅಣ್ಣನ ಮಡಿಲಲ್ಲಿ ದಿಂಬಿಗೆ ಒರಗಿಸಿ ನಿಲ್ಲಿಸಿ, ತಾನು ತಲೆದೆಸೆಯಲ್ಲಿ ನಿಂತು ಬಲಗೆನ್ನೆ ಕೆರೆದ. ಕನ್ನಡಿಯಲ್ಲಿ ಅಣ್ಣನ ಕಣ್ಣು ಕಂಡವು. ಗುಳಿ ಬಿದ್ದಿದ್ದರೂ ಅದೇ ಕಣ್ಣು. ಪ್ರಸಂಗಿ ಎದೆ ಗಟ್ಟಿ ಮಾಡಿಕೊಂಡ.

“ಅಣ್ಣಾ, ದೇವರು ಈ ಲೋಕಾನ ಎಷ್ಟು ಪ್ರೀತಿ ಮಾಡಿದ ಅಂದ್ರೆ…”

ಅಣ್ಣ ಕೈ ಚಾಚಿ ಕನ್ನಡಿಯನ್ನು ಬೋರಲು ಹಾಕಿದ. ಮಾತಿನ ಬದಲು ಬರೆಯಲೆಂದು ಪಕ್ಕದಲ್ಲಿಟ್ಟಿದ್ದ ಸ್ಲೇಟು ತೆಗೆದುಕೊಂಡು ನಿಧಾನವಾಗಿ ಬರೆದ: ‘ಕತ್ತಿ ಕೆಳಗಿಡು. ಮುಂದೆ ಬಾ.’

ಪ್ರಸಂಗಿ ಕತ್ತಿಯನ್ನು ಬಟ್ಟಲಿಗೆ ಹಾಕಿ, ಸ್ಟೂಲು ಎಳೆದುಕೊಂಡು ಎದುರಿಗೆ ಕೂತ. ಅಷ್ಟೇ ನೋಡಿ, ಮೂವತ್ತು ವರ್ಷ ಬಾಯಿಪಾಠವಾಗಿದ್ದ ವಚನಗಳೆಲ್ಲ ಒಂದೂ ಇಲ್ಲದಂತೆ ಹಾರಿಹೋದವು. ಎಡಗೆನ್ನೆಯಲ್ಲಿ ನೊರೆ ಹೊತ್ತ ಅಣ್ಣ ಸುಮ್ಮನೆ ಕಾಯುತ್ತಿದ್ದ. ಆಗ ಬಂದದ್ದು ಅವನು ಯಾವ ಗಿರಾಕಿಗೂ ಹೇಳದ ಮಾತು.

“ಅಣ್ಣಾ, ಆ ದಿನ… ಪಾಪೂ ಮುಖ ನೋಡಕ್ಕೆ ನನ್ನ ಕೈಲಿ ಆಗ್ಲಿಲ್ಲ. ಹಿಂದಿನ ವಾರ ನಾನೇ ಅವಳ ಜುಟ್ಟು ಕತ್ತರಿಸಿದ್ದೆ. ಕೈಗೆ ಏನಾದ್ರೂ ಕೆಲಸ ಬೇಕಿತ್ತು. ಜೇಬಲ್ಲಿ ಕಾಗದ ಇತ್ತು. ಹಂಚಿದೆ. ಭಕ್ತಿಗೆ ಹಂಚಿದ್ದಲ್ಲ ಅಣ್ಣಾ, ಹೆದರಿಕೆಗೆ. ದೇವರೇ ಮಾಡಿಸಿದ ಅಂತ ಜನರ ಮುಂದೆ ಸಾಕ್ಷಿ ಬೇರೆ ಹೇಳಿದೆ. ಸುಳ್ಳು. ನಾನು ಬಾಗಿಲಲ್ಲಿ ನಿಂತಿದ್ದೇ ಒಳಗೆ ಬರಕ್ಕೆ ಧೈರ್ಯ ಇಲ್ದೆ. ನನ್ನ ದೆಸೆಯಿಂದ ನೀನು ದೇವರನ್ನ ಬಿಟ್ಟೆ. ನನ್ನ ಬೈಯಿ, ಹೊಡಿ, ಆದ್ರೆ ಅವನ ಮೇಲೆ…”

ಮುಂದೆ ಅಳುವೇ ಬಂತು. ಮೂಗು ಒರೆಸಿಕೊಳ್ಳಲು ಅಣ್ಣನ ಕೊರಳಿಗೆ ಕಟ್ಟಿದ್ದ ಬಟ್ಟೆಯನ್ನೇ ತೆಗೆದುಕೊಂಡ. ಅಣ್ಣ ಅವನನ್ನೇ ನೋಡುತ್ತಿದ್ದ. ಕಣ್ಣಲ್ಲಿ ಏನಿತ್ತು, ಕೋಪವೋ ಕರುಣೆಯೋ, ಪ್ರಸಂಗಿಗೆ ಓದಲಾಗಲಿಲ್ಲ. ಎದುರಿಗೆ ಕೂತು ಮುಖ ಓದಿ ಅಭ್ಯಾಸವಿದ್ದರೆ ತಾನೇ? ಅಷ್ಟರಲ್ಲಿ ಆರರ ಗಂಟೆ ಹೊಡೆಯಿತು. “ಹೊರಡಿ, ಹೊರಡಿ” ಎಂದು ನರ್ಸಮ್ಮ ಸಾಲಿನ ಆ ತುದಿಯಿಂದ ಬಂದಳು.

“ಒಂದೇ ನಿಮಿಷ ಸಿಸ್ಟರ್, ಇನ್ನೊಂದು ಕೆನ್ನೆ” ಎಂದು ಪ್ರಸಂಗಿ ಕತ್ತಿಗೆ ಕೈ ಹಾಕಿದ. ಅಣ್ಣ ಆ ಕೈ ಹಿಡಿದು ತಡೆದ. ಹನ್ನೆರಡು ವರ್ಷದ ಮೇಲೆ ಅಣ್ಣ ಅವನನ್ನು ಮುಟ್ಟಿದ್ದು ಅದೇ ಮೊದಲು. ಸ್ಲೇಟಿನಲ್ಲಿ ಬರೆದ: ‘ಅರ್ಧ ಮುಖದವನು ಎಲ್ಲಿಗೆ ಹೋಗ್ತಾನೆ? ನಾಳೆ ಬಾ. ಬರೀ ಕೈಲಿ ಮೊದಲು ಮಾತಾಡು.’

ತುಟಿಯ ಒಂದು ಕೊನೆ ನಗುವಿನಂತೆ ಕೊಂಕಿತ್ತು. ನೋವಿಗೂ ಹಾಗೆ ಕೊಂಕಬಹುದು.

ಪ್ರಸಂಗಿ ಒದ್ದೆ ಬಟ್ಟೆಯಿಂದ ನೊರೆ ಒರೆಸಿ ಹೊರಟ. ಬೀದಿಯಲ್ಲಿ ಹುಚ್ಚನಂತೆ ನಡೆದ. ನಾಳೆ ಇದೆ, ಕರ್ತನೇ, ಇನ್ನೊಂದು ನಾಳೆ ಸಾಕು, ಬೇರೇನೂ ಕೇಳುವುದಿಲ್ಲ ಎಂದು ದಾರಿಯುದ್ದಕ್ಕೂ ಬೇಡಿದ. ಮೂವತ್ತು ವರ್ಷ ಊರಿಗೆಲ್ಲ ‘ನಾಳೆ ಅನ್ನೋದು ನಮ್ಮ ಕೈಲಿಲ್ಲ ಸಾರ್’ ಎಂದು ಹೇಳಿದವನು ಅವನೇ.

ಅಣ್ಣ ಬೆಳಗಿನ ಜಾವ ಹೋದ.

ಪ್ರಸಂಗಿ ಬಂದಾಗ ಬೆಳಕಾಗಿತ್ತು. ಅತ್ತಿಗೆ ಕಾಲ ಬಳಿ ನಿಂತಿದ್ದಳು. ಅಣ್ಣನ ಬಲಗೆನ್ನೆ ನುಣ್ಣಗೆ, ಎಡಗೆನ್ನೆಯಲ್ಲಿ ಬಿಳಿ ಕೂಳೆ. ಸ್ಲೇಟು ಮೇಜಿನ ಮೇಲಿತ್ತು, ತೊಳೆದು ಒಣಗಿಸಿ ಇಟ್ಟಂತೆ ಖಾಲಿ.

“ಇದರಲ್ಲಿ ಏನಾದ್ರೂ ಇತ್ತಾ ಸಿಸ್ಟರ್?”

“ಮೇಜು ಒರೆಸುವಾಗ ಅದನ್ನೂ ಒರೆಸಿರ್ತಾರೆ. ಯಾಕೆ?”

ಪಕ್ಕದ ಮಂಚದ ಮುದುಕ, ಇಟ್ಟಿಗೆ ಹೊರುವವ, ಮೊಣಕೈ ಊರಿ ಎದ್ದ. “ಬರೆದಿದ್ರಪ್ಪಾ. ನೀನು ಹೋದ ಮೇಲೆ ಬರೆದ್ರು, ಒರೆಸಿದ್ರು, ಮತ್ತೆ ಬರೆದ್ರು. ಕೊನೆಗೆ ಒಂದು ಚಿಕ್ಕದು ಬರೆದು ಎದೆ ಮೇಲೆ ಇಟ್ಕೊಂಡು ಮಲಗಿದ್ರು. ನನಗೂ ತೋರಿಸಿದ್ರು.”

“ಏನಿತ್ತಜ್ಜಾ? ಏನು ಬರೆದಿದ್ದ?”

ಮುದುಕ ಮುಖ ಕೆಳಗೆ ಹಾಕಿದ. “ನನಗೆ ಓದಕ್ಕೆ ಬರಲ್ಲ ಮಗಾ. ಚೆನ್ನಾಗಿದೆ ಅಂತ ತಲೆ ಆಡಿಸಿದೆ, ಅಷ್ಟೇ.”

ಸರಿ ಎಂದೋ? ಬೇಡ ಎಂದೋ? ಬರೀ ನೀರು ಬೇಕೆಂದೋ? ಪ್ರಸಂಗಿ ಸ್ಲೇಟನ್ನು ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದ, ಬೆರಳಿನಿಂದ ಸವರಿದ. ಗೀಚಿದ ಒಂದು ಗುರುತೂ ಸಿಗಲಿಲ್ಲ. “ಕರ್ತನೇ, ಇಷ್ಟಾದರೂ ಬಿಡಬಾರದಿತ್ತಾ ನನಗೆ?” ಎಂದು ಎಲ್ಲರ ಎದುರಿಗೇ ಗಟ್ಟಿಯಾಗಿ ಕೇಳಿದ.

ಅತ್ತಿಗೆ ಮೆಲ್ಲಗೆ ಅಂದಳು: “ಹೀಗೇ ಕಳಿಸೋದು ಬೇಡ. ಆ ಕೆನ್ನೆ ಮುಗಿಸಿಬಿಡಿ.”

ಅವನು ನೀರು ತಂದ. ನೊರೆ ಎಬ್ಬಿಸಿದ. ಅಭ್ಯಾಸಬಲದಿಂದ ತಲೆದೆಸೆಗೆ ಹೋಗಿ ನಿಂತವನು ಮತ್ತೆ ಸುತ್ತಿ ಬಂದು ಎದುರಿಗೆ ಸ್ಟೂಲಿನ ಮೇಲೆ ಕೂತ. ಕತ್ತಿಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಬರೀ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು ಅಣ್ಣನ ಮುಖವನ್ನು ನೇರವಾಗಿ ನೋಡಿದ. ಅತ್ತಿಗೆ, ಮುದುಕ, ನರ್ಸಮ್ಮ ಎಲ್ಲರೂ ಅವನು ವಚನ ಹೇಳುತ್ತಾನೆ ಎಂದು ಕಾದರು.

“ಅರ್ಧ ಮುಖದವನು ಎಲ್ಲಿಗೂ ಹೋಗಲ್ಲ ಅಂದಿದ್ಯಲ್ಲ ಅಣ್ಣಾ,” ಅಂದ.

ಆಮೇಲೆ ಕತ್ತಿ ತೆಗೆದುಕೊಂಡು ಎಡಗೆನ್ನೆಯನ್ನು ಮುಗಿಸಿದ. ಎಲ್ಲೂ ಗೀರಾಗಲಿಲ್ಲ.