ರಾಮಾತಾಳಕ್ಕ ಹತ್ತದ ಜಪಾನ್ ವಂಡಿ

ಆ ಫೋರ್ಕ್‌ಲಿಫ್ಟ್ ಚೆನ್ನಾಗಿದೆ ಎಂದು ಬರೆದುಕೊಟ್ಟವನು ನಾನೇ. ಹಾಗಾಗಿ ಇದನ್ನು ಹೇಳಿದರೆ ನನ್ನ ಮಾನವೇ ಹೋಗುತ್ತದೆ. ಹೋಗಲಿ.

ನಾನು ಮೆಲ್ವಿನ್, ಮಂಗಳೂರಿನವನು. ಕೊಯಮತ್ತೂರಿನಲ್ಲಿ ಯಂತ್ರಗಳನ್ನು ಪರೀಕ್ಷಿಸಿ ವರದಿ ಕೊಡುವ ಎಂಜಿನಿಯರು. ಪಲ್ಲಡದ ನವನೀತನ್ ತಮ್ಮ ನೂಲಿನ ಗೋಡೌನಿಗೆಂದು ಜಪಾನಿನಿಂದ ಹಳೆಯ ಫೋರ್ಕ್‌ಲಿಫ್ಟ್ ತರಿಸಿದ್ದರು. ಹೊಸ ಹಳದಿ ಬಣ್ಣ, ಮೀಟರಿನಲ್ಲಿ ಬರೀ ಮೂರು ಸಾವಿರ ಗಂಟೆ. ಎಂಜಿನ್ ಚಾಲೂ ಮಾಡಿದೆ, ಹೊಗೆಯಿಲ್ಲ, ನಡುಕವಿಲ್ಲ. ಎಲ್ಲಿಯೂ ಒಂದು ತೊಟ್ಟು ಎಣ್ಣೆ ಸೋರಿರಲಿಲ್ಲ. ಜಪಾನಿನವರ ಮೇಲೆ ನನಗಿದ್ದ ಭಕ್ತಿಯೂ ಸೇರಿ ಅರ್ಧ ಗಂಟೆಯಲ್ಲಿ ಸಹಿ ಬಿತ್ತು.

ಅದನ್ನು ಓಡಿಸಬೇಕಾದವರು ರಾಮಾತಾಳಕ್ಕ. ಐವತ್ತೆರಡು ವರ್ಷ, ಕನ್ನಡ ಮಾತಾಡುವ ನೇಯುವವರ ಮನೆಯ ಹೆಣ್ಣು. ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಮೂಟೆ ಹೊರಲು ಬಂದವರು. ಮೊದಲಿದ್ದ ಫೋರ್ಕ್‌ಲಿಫ್ಟಿನ ಡ್ರೈವರ್ ಊಟಕ್ಕೆ ಹೋದಾಗಲೆಲ್ಲ ಸೀಟು ಹತ್ತಿ ಕಲಿತು, ಹದಿನಾಲ್ಕು ವರ್ಷದಿಂದ ಆ ಸೀಟು ಬಿಟ್ಟುಕೊಟ್ಟಿಲ್ಲ. ಹೆಂಗಸು ಇದನ್ನು ಓಡಿಸುವುದೇ ಎಂದು ನಕ್ಕವರಿಗೆ ಉತ್ತರ ಕೊಡಲು ಪುರುಸೊತ್ತೇ ಸಿಗಲಿಲ್ಲವಂತೆ.

ಅಕ್ಕ ಎಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ಫೋರ್ಕಿನ ಮೇಲೆ ತುಂಬಾ ಮೂಟೆ ಹೇರಿಸಿ, ಮಾಡಿನ ಕಂಬಿಯ ಹತ್ತಿರದವರೆಗೆ ಎತ್ತಿ, ಎಂಜಿನ್ ಆರಿಸಿದರು. ಏಣಿ ಹಾಕಿಸಿ, ಗೇಣುದ್ದದ ಒಂದೆಳೆ ನೂಲನ್ನು ಕಂಬಿಗೂ ಫೋರ್ಕಿಗೂ ಬಿಗಿಯಾಗಿ ಕಟ್ಟಿದರು. ಬೆರಳಿನಿಂದ ಮೀಟಿ ನೋಡಿ, "ಟೀ ಕುಡಿಯೋಣ ಬನ್ನಿ ಸಾರ್" ಎಂದರು. ಮಗ್ಗದ ಮನೆಯವರಿಗೆ ಬಿಗಿ ಅಳೆಯಲು ಬೇರೆ ಸಾಮಾನು ಬೇಕಿಲ್ಲ.

ಟೀ ಮುಗಿಯುವ ಮೊದಲೇ ನೂಲು ಕಿತ್ತುಹೋಯಿತು. ಭಾರ ಎತ್ತುವ ಸಿಲಿಂಡರಿನ ಒಳಗೆ ಎಣ್ಣೆ ತಡೆಯುವ ಸೀಲು ಸವೆದು, ಎತ್ತಿದ ಭಾರ ತಾನಾಗಿ ಕೆಳಗಿಳಿಯುತ್ತಿತ್ತು. ಹೊರಗೆ ಸೋರದಿದ್ದರೆ ಸಾಕೆಂದು ನಂಬಿದ ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಸರಿಮಾಡಿಸುವವರೆಗೆ ಈ ಗಾಡಿ ಹತ್ತುವುದಿಲ್ಲ ಎಂದರು ಅಕ್ಕ. ನವನೀತನ್ ಅವರ ಮನೆಮಾತೂ ಕನ್ನಡವೇ. ಅವರು ಸಿಡುಕಿದರು: "ಒಂದು ನೂಲು ಕಿತ್ತೋಯ್ತೂಂತ ಜಪಾನ್ ವಂಡೀನೇ ಬೇಡಾಂತೀಯಾ ಅಕ್ಕಾ? ನಾಳೆ ಲೋಡ್ ಬರ್ತದೆ. ನೀ ಹತ್ತಲ್ಲಾಂದ್ರೆ ತಿರುಪ್ಪೂರಿಂದ ಬೇರೆ ಆಳ್ ಕರೆಸ್ತೀನಿ. ಆಮೇಲೆ ಕೆಲ್ಸ ವೇಲೆ ಕೇಳ್ಕೊಂಡು ಗೇಟ್ ಹತ್ರ ಬರಬೇಡ."

"ಕರ್ಸು ತಮ್ಮಾ." ಅಲ್ಲಿಯವರೆಗೆ ಅವರನ್ನು ಮೊದಲಾಳಿ, ಅಂದರೆ ಧಣಿ, ಎನ್ನುತ್ತಿದ್ದ ಅಕ್ಕನ ಬಾಯಿ ಅದು. "ಬಂದೋನು ಮೇಲೆ ಕೂತ್ಕೊಳ್ತಾನೆ. ಕೆಳಗೆ ನಿಂತು ಮೂಟೆ ಅಡುಕೋದು ಈ ಆರು ಹೆಂಗಸ್ರು. ಇವರಲ್ಲಿ ಯಾರ ತಲೆ ಬೇಕು ನಿನಗೆ?"

ಮೂಟೆ ಜೋಡಿಸುವ ಹೆಂಗಸರು ಅಲ್ಲಿಯೇ ನಿಂತಿದ್ದರು.

"ಇಲ್ಲಾಂದ್ರೆ ನೀನೇ ಬಾ. ಒಂದು ಟೀ ಕುಡಿಯೋವರ್ಗೂ ಇದರ ಕೆಳಗೆ ನಿಲ್ಲು. ಆಮೇಲೆ ಕಂಡಿಪ್ಪಾ ಹತ್ತೀನಿ."

ನವನೀತನ್ ಕದಲಲಿಲ್ಲ. ಅಕ್ಕ ನನ್ನ ಕಡೆ ತಿರುಗಿದರು. "ಸಹಿ ಹಾಕಿದ್ದು ನೀವಲ್ವಾ ಸಾರ್? ನೀವಾದ್ರೂ ಬನ್ನಿ."

ಅದು ಇಂಚಿಂಚಾಗಿ ಇಳಿಯುತ್ತದೆ, ದಢಕ್ಕನೆ ಬೀಳುವುದಿಲ್ಲ ಎಂದು ನಾನು ಓದಿದ್ದೆ. ಆದರೂ ಕಾಲು ಮುಂದೆ ಹೋಗಲಿಲ್ಲ. ನವನೀತನ್ ಕೈಯಿಂದ ವರದಿ ತೆಗೆದುಕೊಂಡು ನನ್ನ ಸಹಿಯ ಮೇಲೆ ಗೀಟೆಳೆದೆ. ಸಿಲಿಂಡರ್ ಸರಿಯಾಗುವವರೆಗೆ ಓಡಿಸಕೂಡದು ಎಂದು ಬರೆದೆ. ನನ್ನ ಕೈಲಾದದ್ದು ಅಷ್ಟೇ.

ನವನೀತನ್ ಇಬ್ಬರಿಗೂ ಗೇಟು ತೋರಿಸಿದರು. ಅಕ್ಕ ಊಟದ ಡಬ್ಬಿ ಎತ್ತಿಕೊಂಡು ಹೊರಟರು. ಅವರ ಹಿಂದೆ ಮಾರಿಯಮ್ಮ ಎಂಬಾಕೆ ಹೊರಟಳು, ಆಮೇಲೆ ಉಳಿದ ಐವರೂ. ಮೂರು ದಿನ ಇಳಿಸುವವರಿಲ್ಲದೆ ಲಾರಿ ನಿಂತ ಮೇಲೆ, ನಾಲ್ಕನೆಯ ದಿನ ಹೊಸ ಸೀಲು ಹಾಕಿಸಿ, ಅಕ್ಕನನ್ನು ಕರೆಯಲು ನವನೀತನ್ ಖುದ್ದಾಗಿ ಹೋದದ್ದು ನನಗೆ ಆಮೇಲೆ ತಿಳಿಯಿತು. ಆದರೆ ಅವತ್ತು ಗೇಟು ದಾಟುವಾಗ ಅಕ್ಕನಿಗೆ ಇದೆಲ್ಲ ಗೊತ್ತಿರಲಿಲ್ಲ. ಕೆಲಸ ಹೋಯಿತೆಂದೇ ನಡೆಯುತ್ತಿದ್ದರು.

"ನಾಳೆ ಲೋಡ್ ಯಾರು ಇಳಿಸೋದು?" ನವನೀತನ್ ಹಿಂದಿನಿಂದ ಕೂಗಿದರು.

ಅಕ್ಕ ತಿರುಗಲೂ ಇಲ್ಲ. "ಆಳೂ ಜಪಾನಿಂದಲೇ ತರಿಸ್ಕೋ ತಮ್ಮಾ. ಹಳೇದಾದ್ರೂ ಪರವಾಯಿಲ್ಲೆ."