ಹಳೇ ಬೀದಿಯ ಜಗಲಿ ಮಟ್ಟ

ಭದ್ರಾವತಿಯ ನ್ಯೂ ಟೌನಿನಲ್ಲಿ, ಒಂದರ ಪಡಿಯಚ್ಚು ಇನ್ನೊಂದು ಅನ್ನುವಂಥ ಕ್ವಾರ್ಟರ್ಸ್ ಸಾಲಿನಲ್ಲಿ ಬೆಳೆದವಳು ನಾನು. ಅಕ್ಕಪಕ್ಕದ್ದಕ್ಕಿಂತ ಬೇರೆಯಾಗಿ ಕಾಣುವ ಮನೆ ಕಟ್ಟಬೇಕು ಅನ್ನುವ ಹಟದಲ್ಲೇ ಆರ್ಕಿಟೆಕ್ಟ್ ಆದೆ. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನಾನು ಡಿಸೈನ್ ಮಾಡಿದ ಅಂಗಡಿಗಳಿಗೆಲ್ಲ ಎದುರಿಗೆ ಗಾಜು. ಅದನ್ನು ಮೆಚ್ಚಿಕೊಂಡೇ ಹಲ್ಲಿನ ಡಾಕ್ಟರಮ್ಮ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಊರಿನ ಹಳೇ ಬೀದಿಯೊಂದರಲ್ಲಿ ಅವರ ತಾಯಿಯ ಮನೆ ಬಿದ್ದುಹೋಗಿ ಸೈಟು ಖಾಲಿಯಿತ್ತು. ಕೆಳಗೆ ಕ್ಲಿನಿಕ್, ಮೇಲೆ ಮನೆ ಬೇಕು ಅಂದರು. ಎರಡೂ ಪಕ್ಕ ಹಂಚಿನ ಮನೆಗಳು. ನಡುವೆ ನಾನು ಮೂರಂತಸ್ತಿನ ಗಾಜು ನಿಲ್ಲಿಸಿ ಚಿತ್ರ ಬರೆದೆ.

ಸೈಟು ಅಳೆಯಲು ಹೋದ ದಿನ ಪಕ್ಕದ ಮನೆಯ ಅಜ್ಜಿ ಆ ಚಿತ್ರ ಇಸಕೊಂಡು ನೋಡಿದರು.

"ಚೆನ್ನಾಗಿದೆ ಕಣಮ್ಮ. ಜಗಲಿ ಎಲ್ಲಿ?"

"ಜಗಲಿ ಇಲ್ಲ ಅಜ್ಜಿ, ಇದು ಕ್ಲಿನಿಕ್."

"ಹಲ್ಲುನೋವು ಬಂದೋರು ನಿಂತ್ಕೊಂಡೇ ಇರ್ಬೇಕಾ?"

ನನಗೆ ನಗು ಬಂತು. ಅಜ್ಜಿ ನಗಲಿಲ್ಲ. ತಮ್ಮ ಜಗಲಿ ಮೇಲೆ ನನ್ನನ್ನು ಕೂರಿಸಿ, "ಬೀದಿ ಉದ್ದಕ್ಕೂ ನೋಡು" ಅಂದರು.

ಬೀದಿ ಹೊಳೆ ಕಡೆಗೆ ಇಳಿಜಾರು. ಮೇಲಿನ ಮನೆಯ ಜಗಲಿಗೆ ಒಂದೇ ಮೆಟ್ಟಿಲು, ಕೊನೆಯ ಮನೆಯದಕ್ಕೆ ನಾಲ್ಕು. ಆದರೂ ಒಂದಕ್ಕೊಂದು ತಾಗಿದ ಜಗಲಿಗಳೆಲ್ಲ ಒಂದೇ ಗೆರೆ ಎಳೆದ ಹಾಗಿದ್ದವು. ನಂಬಿಕೆ ಬರದೆ, ಮೇಸ್ತ್ರಿ ಮಟ್ಟ ನೋಡುವ ನೀರಿನ ಪೈಪ್ ತರಿಸಿದೆ. ಒಂದು ತುದಿ ನಾನು ಹಿಡಿದೆ, ಇನ್ನೊಂದನ್ನು ಅಜ್ಜಿಯೇ ಹಿಡಿದರು. ಸಾಲಿನ ಆರೂ ಮನೆಗಳಲ್ಲಿ ನೀರು ಜಗಲಿಯಿಂದ ಒಂದೇ ಎತ್ತರಕ್ಕೆ ನಿಂತಿತು. ಬೇರೆ ಬೇರೆ ಕಾಲದಲ್ಲಿ ಕಟ್ಟಿದವರೆಲ್ಲ ಪಕ್ಕದವರ ಜಗಲಿ ನೋಡಿಕೊಂಡು ತಮ್ಮದನ್ನು ಕಟ್ಟಿದ್ದರು! ಅಷ್ಟರಲ್ಲಿ ಅರ್ಧ ಬೀದಿಯ ಜನ ನಮ್ಮ ಹಿಂದಿದ್ದರು. ಮನೆಮನೆಯಲ್ಲೂ ಕಾಫಿ ಆಯಿತು.

ಮತ್ತೆ ಹೊಸದಾಗಿ ಬರೆದೆ. ಮುಂದೆ ಅದೇ ಮಟ್ಟದ ಜಗಲಿ, ಮರದ ಕಂಬ, ಹಂಚಿನ ಮಾಡು. ಒಂದು ಅಂತಸ್ತು ಕೈಬಿಟ್ಟೆ. ಮಹಡಿಯನ್ನು ಬೀದಿಗೆ ಕಾಣದಷ್ಟು ಹಿಂದಕ್ಕೆ ಸರಿಸಿದೆ. ಗಾಜೆಲ್ಲ ಒಳಗಿನ ತೊಟ್ಟಿ ಅಂಗಳದ ಮೇಲೆ ಹೋಯಿತು, ಕ್ಲಿನಿಕ್ಕಿಗೆ ಬೆಳಕೂ ಆಯಿತು.

ಡಾಕ್ಟರಮ್ಮನಿಗೆ ಸಿಟ್ಟು. "ಮೇಡಂ, ನಾನು ಕೇಳಿದ್ದು ಹೊಸ ಮನೆ. ಇದು ನಮ್ಮಮ್ಮನ ಮನೆ ಥರಾನೇ ಇದೆಯಲ್ರೀ!"

"ಒಂದ್ಸಲ ಸೈಟಿಗೆ ಬನ್ನಿ" ಅಂದೆ.

ಬಂದರು. ಎರಡು ಪಕ್ಕದ ಜಗಲಿಗಳ ನಡುವೆ ದಾರ ಎಳೆದು ತೋರಿಸಿದೆ. ಅವರು ದಾರ ಮುಟ್ಟಿ ನೋಡಿ, ಬೀದಿಯ ತುದಿಗೆ ಕಣ್ಣು ಹಾಯಿಸಿದರು. "ಚಿಕ್ಕೋಳಿದ್ದಾಗ ನೆಲಕ್ಕೆ ಕಾಲಿಡದೆ ಆ ತುದಿವರೆಗೂ ಓಡ್ತಿದ್ದೆ" ಅಂದವರೇ ಚಪ್ಪಲಿ ಬಿಟ್ಟು ಅಜ್ಜಿಯ ಜಗಲಿ ಹತ್ತಿ, ಸೀರೆ ಎತ್ತಿಕೊಂಡು ಕೊನೆಯ ಮನೆವರೆಗೂ ಓಡಿದರು. ಏದುಸಿರು ಬಿಡುತ್ತಾ ವಾಪಸ್ ಬಂದು, "ಕಟ್ಟಿಸಿ ಮೇಡಂ. ಆದ್ರೆ ಬಾಗಿಲಿಗೆ ಗಿಣಿಹಸಿರು ಬಣ್ಣ. ಅದ್ರಲ್ಲಿ ನಾನು ಯಾರ ಮಾತೂ ಕೇಳಲ್ಲ" ಅಂದರು.

ಗೃಹಪ್ರವೇಶದ ಮಾರನೇ ದಿನವೇ ಕ್ಲಿನಿಕ್ ಶುರುವಾಯಿತು. ಮೊದಲ ಪೇಷೆಂಟ್ ಅಜ್ಜಿಯೇ. ಹಲ್ಲು ಕೀಳಿಸಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿಕೊಂಡು ಹೊರಗೆ ಬಂದು ಹೊಸ ಜಗಲಿ ಮೇಲೆ ಕೂತರು. ಮಾತಾಡುವ ಹಾಗಿಲ್ಲ. ಹೋಗಿಬರುವವರಿಗೆಲ್ಲ ಕೈಸನ್ನೆಯಲ್ಲೇ, ಹಲ್ಲು ಎಷ್ಟುದ್ದ ಇತ್ತು ಅಂತ ತೋರಿಸುತ್ತಿದ್ದರು. ಒಬ್ಬೊಬ್ಬರಿಗೂ ಹಲ್ಲು ಇನ್ನಷ್ಟು ಉದ್ದವಾಗುತ್ತಿತ್ತು. ನಾನೂ ಡಾಕ್ಟರಮ್ಮನೂ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆವು.