ಇಪ್ಪತ್ತು ನಿಮಿಷಕ್ಕೆ ನಾನು ಸಹಿ ಹಾಕಲಿಲ್ಲ

ಪರದೆಯ ಮೇಲೆ ‘ಇನ್ನು ಇಪ್ಪತ್ತು ನಿಮಿಷ’ ಎಂದು ಬಂದರೆ ನಾನು ನಂಬುವವಳಲ್ಲ. ಅವತ್ತೂ ನಂಬಲಿಲ್ಲ.

ಮಳೆಗೆ, ಹೊಳೆಗೆ ಬಿದ್ದ ಮನೆಗಳ ಲೆಕ್ಕ ಹಿಡಿಯಲು ಒಂದು ಸಂಸ್ಥೆ ನಮ್ಮನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡಿತ್ತು. ಅಫಜಲಪುರದ ಕಡೆಯ ಒಂಬತ್ತು ಹಳ್ಳಿ ನನ್ನ ಪಾಲಿಗೆ. ಮನೆಮನೆಗೆ ಹೋಗಿ ಹೆಸರು ಬರೆದುಕೊಂಡು, ಬಿದ್ದ ಗೋಡೆಯ ಮುಂದೆ ಮನೆಯವರನ್ನು ನಿಲ್ಲಿಸಿ ಟ್ಯಾಬಿನಲ್ಲಿ ಫೋಟೋ ತೆಗೆಯುವ ಕೆಲಸ. ಆ ಫೋಟೋಗಳು ಇನ್ನೂ ಎಲ್ಲಿಗೂ ಹೋಗಿರಲಿಲ್ಲ, ಟ್ಯಾಬಿನೊಳಗೇ ಇದ್ದವು. ಅಷ್ಟರಲ್ಲಿ ಹೊಸ ಟ್ಯಾಬು ಕೊಡುತ್ತೇವೆ, ಹಳೆಯದನ್ನು ತಂದೊಪ್ಪಿಸಿ ಎಂದು ಆಳಂದ, ಅಫಜಲಪುರ, ಜೇವರ್ಗಿಯವರನ್ನೆಲ್ಲ ಜೇವರ್ಗಿಯ ಒಂದು ಕಲ್ಯಾಣ ಮಂಟಪಕ್ಕೆ ಕರೆಸಿದರು.

ನನ್ನ ಪಾಳಿಯೇ ಮೊದಲು. ಟೆಕ್ನಿಷಿಯನ್ ಎರಡು ಟ್ಯಾಬುಗಳ ನಡುವೆ ವೈರು ಸಿಕ್ಕಿಸಿದ. ಪರದೆಯ ಮೇಲೆ ‘ಇನ್ನು ಇಪ್ಪತ್ತು ನಿಮಿಷ’ ಎಂದು ಬಂತು. ಇಪ್ಪತ್ತು ನಿಮಿಷಕ್ಕೆ ಒಂದು ಕಾಗದ ಮುಂದೆ ಚಾಚಿದ. ‘ಎಲ್ಲ ಮಾಹಿತಿ ಬಂದಿದೆ’ ಎಂದು ಅದರಲ್ಲಿ ಮೊದಲೇ ಅಚ್ಚಾಗಿತ್ತು. ಸಹಿ ಬಿದ್ದ ಕೂಡಲೇ ಹಳೆಯ ಟ್ಯಾಬಿನಲ್ಲಿದ್ದುದನ್ನೆಲ್ಲ ಅಲ್ಲೇ ಅಳಿಸಿ, ಅದನ್ನು ಡಬ್ಬಿಗೆ ಹಾಕುವುದು ಅವನ ಕೆಲಸ.

ನಾನು ಹೊಸ ಟ್ಯಾಬಿನಲ್ಲಿ ಮಣ್ಣೂರಿನ ಒಬ್ಬ ಮುದುಕಿಯ, ನಾನು ಆಯಿ ಎಂದು ಕರೆಯುವವಳ, ಮನೆಯ ದಾಖಲೆ ತೆರೆದೆ. ಆಕೆ ರೊಟ್ಟಿ ಬಡಿದು ಮಾರಿ ಬದುಕುವವಳು. ಅಡುಗೆಮನೆ ಪೂರ್ತಿ ಕುಸಿದು, ಒಲೆಯ ಹಿಂದಿನ ಮಸಿ ಹಿಡಿದ ಅರ್ಧ ಗೋಡೆ ಮಾತ್ರ ಉಳಿದಿತ್ತು. ಫೋಟೋ ತೆಗೆದ ವಾರಕ್ಕೆ ಕಲ್ಲುಮಣ್ಣು ಎತ್ತಿಸಿ ತಗಡು ಹೊಡೆಸಿದ್ದಳು. ಪಾಪ, ಒಲೆ ಹೊತ್ತಿಸದೆ ಎಷ್ಟು ದಿನ ಇದ್ದಾಳು? ಇನ್ನೊಮ್ಮೆ ತೆಗೆಯೋಣವೆಂದರೆ ಬಿದ್ದ ಗೋಡೆಯೇ ಇಲ್ಲ. ಫೋಟೋ ಇಲ್ಲದವರಿಗೆ ಹೊಸ ಮನೆಯೂ ಮಂಜೂರಾಗುವುದಿಲ್ಲ.

ಹೊಸ ಟ್ಯಾಬಿನಲ್ಲಿ ಆಯಿಯ ಹೆಸರಿತ್ತು, ಊರಿತ್ತು. ಫೋಟೋದ ಜಾಗ ಖಾಲಿ.

“ಹೆಸರು ಅಷ್ಟೇ ಬಂದಾವ್ರಿ, ಫೋಟೋ ಬಂದಿಲ್ಲ,” ಎಂದೆ.

“ಅವು ಹಿಂದಿಂದ ಬರ್ತಾವ್ರಿ ಮೇಡಂ. ನೀವು ಸಹಿ ಮಾಡ್ರಿ.”

“ಹಿಂದಿಂದ ಅಂದ್ರ ಎಷ್ಟೊತ್ತು?”

“ಇನ್ನೊಂದು ಇಪ್ಪತ್ತು ನಿಮಿಷ ಅಂತ ತೋರ್ಸಾಕತ್ತದಲ್ರಿ.”

ನನಗೆ ಉರಿದುಹೋಯಿತು. ಮೊದಲು ತೋರಿಸಿದ್ದೂ ಇಪ್ಪತ್ತೇ, ಈಗಲೂ ಇಪ್ಪತ್ತೇ!

ನಮ್ಮವ್ವ ಕೂಲಿ ಹೆಂಗಸರ ಗುಂಪಿಗೆ ಮುಂದಾಳು. ತೊಗರಿ ಕೊಯ್ಯುವ ಗುತ್ತಿಗೆಗೆ ಕರೆದ ಸಾಹುಕಾರರು “ಏ, ಎರಡು ದಿನದ ಕೆಲಸ” ಎನ್ನುತ್ತಿದ್ದರು. ಅವ್ವ ಹ್ಞೂಂ ಅನ್ನುತ್ತಿರಲಿಲ್ಲ, ಉಹ್ಞೂಂ ಅನ್ನುತ್ತಿರಲಿಲ್ಲ. ಹೊಲಕ್ಕಿಳಿದು ಒಂದು ಸಾಲು ಕೊಯ್ದು, ಬದುವಿನ ಮೇಲೆ ನಿಂತು ಉಳಿದ ಸಾಲು ಎಣಿಸಿ, “ನಾಲ್ಕು ದಿನ ಆಗ್ತದ್ರಿ, ಮನಸಿದ್ರ ಕೊಡ್ರಿ, ಇಲ್ಲಾಂದ್ರ ಹೊಂಟೇವಿ” ಅನ್ನುತ್ತಿದ್ದಳು. ಆಕೆಯ ಮಾತು ಅರ್ಧ ದಿನ ಸಹ ತಪ್ಪಿದ್ದು ನಾನು ಕಾಣೆ.

ನಾನೂ ಅದನ್ನೇ ಮಾಡಿದೆ. “ಎಲ್ಲಾನೂ ಬಿಡ್ರಿ. ಮೊದಲು ಒಂದು ಸಣ್ಣ ಹಳ್ಳಿ ಫೋಟೋ ಅಷ್ಟೇ ಕಳಿಸ್ರಿ,” ಎಂದು ಗೋಡೆಯ ಗಡಿಯಾರ ನೋಡುತ್ತ ಕೂತೆ. ನಲವತ್ತು ಮನೆಗೆ ಹದಿನೆಂಟು ನಿಮಿಷ ಹಿಡಿಯಿತು. ನನ್ನವು ಒಟ್ಟು ಐನೂರ ನಲವತ್ತು ಮನೆ.

“ನಾಲ್ಕು ತಾಸು ಬೇಕ್ರಿ,” ಎಂದೆ.

ಅವನು ನಕ್ಕ. “ಕಂಪ್ಯೂಟರ್‌ಗಿಂತ ನಿಮಗ ಜಾಸ್ತಿ ಗೊತ್ತೇನ್ರಿ?”

“ನಿಮ್ಮ ಕಂಪ್ಯೂಟರ್ ಮಣ್ಣೂರ ಕೆಸರಿನಾಗ ನಡದಿತ್ತೇನ್ರಿ?”

ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. “ಏಳಬೇ ಅಕ್ಕಾ, ನಮಗೂ ಊರಿಗೆ ಹೋಗೋದದ,” ಎಂದಳು ಆಳಂದದವಳು. ಅಷ್ಟರಲ್ಲಿ ಸಂಸ್ಥೆಯ ಸೂಪರ್‌ವೈಸರ್ ಬಂದರು. ಅವರ ಗಾಡಿ ಹೊರಗೆ ಕಾಯುತ್ತಿತ್ತು.

“ಸಹಿ ಮಾಡ್ರಿ. ಇಲ್ಲಾಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ್ರಿ.”

ಸುಳ್ಳೇಕೆ, ಆ ಕೆಲಸ ನನಗೆ ಬೇಕಿತ್ತು. ಆದರೂ ಎರಡೂ ಟ್ಯಾಬುಗಳನ್ನು ವೈರಿನ ಸಮೇತ ತೊಡೆಯ ಮೇಲೆ ಇಟ್ಟುಕೊಂಡೆ.

“ಆಗಲ್ರಿ, ಬರಂಗಿಲ್ಲ. ಆದ್ರ ಇವು ಮುಗಿಯೋತನಕ ಇಲ್ಲಿಂದ ಏಳಂಗೂ ಇಲ್ಲ.”

ಆಮೇಲೆ ಆಳಂದದವಳು ನನ್ನ ತೊಡೆಯ ಮೇಲಿನ ಟ್ಯಾಬಿನತ್ತ ಬಗ್ಗಿ, ಆ ಖಾಲಿ ಜಾಗ ನೋಡಿದಳು. ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತು, “ನಂದೂ ಹಿಂಗೇ ಹಚ್ರಿ,” ಎಂದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಸೂಪರ್‌ವೈಸರ್ ಯಾರನ್ನೆಂದು ತೆಗೆದಾರು? ಗಾಡಿಯನ್ನು ವಾಪಸು ಕಳಿಸಿ ಅವರೂ ಒಂದು ಕುರ್ಚಿ ಹಿಡಿದರು.

ನಾಲ್ಕು ತಾಸಿನ ಮೇಲೆ ಹತ್ತು ನಿಮಿಷ ಹಿಡಿಯಿತು. ಐನೂರ ನಲವತ್ತನ್ನೂ ಒಂದೊಂದಾಗಿ ತೆರೆದು ನೋಡಿದೆ. ಮಸಿ ಗೋಡೆಯ ಮುಂದೆ ಸೆರಗು ಹೊದ್ದು ನಿಂತ ಆಯಿ ಕಂಡಳು. ಆಗ ಸಹಿ ಹಾಕಿದೆ. ಮನಸ್ಸು ತಡೆಯದೆ ಅಲ್ಲಿಂದಲೇ ಆಕೆಗೆ ಫೋನು ಮಾಡಿದೆ.

“ಆಯಿ, ನಿನ್ನ ಮನಿ ಹೊಸ ಟ್ಯಾಬಿಗೆ ಬಂತು ನೋಡು.”

ಆ ಕಡೆ ರೊಟ್ಟಿ ಬಡಿಯುವ ಸದ್ದು ನಿಂತಿತು.

“ಯಾಕಬೇ, ಎಲ್ಲಿ ಹೋಗಿತ್ತದು? ನಿನ್ನ ಕೈಯಾಗೇ ಕೊಟ್ಟಿದ್ನಲ್ಲ?”

“ಎಲ್ಲೂ ಹೋಗಿಲ್ಲ ಆಯಿ,” ಎಂದೆ. “ಹೋಗಾಕ ನಾ ಬಿಡಲಿಲ್ಲ.”